ಅಣ್ಣನ ಎದುರು ಕಪ್ಪು ಕಾಯಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಟ ಸಂಜೆಯ ರೈಲಿನಲ್ಲಿ ಒಂದೇ ಕ್ಲಬ್ಬಿನ ಎಂಟು ಜನ ಎದುರುಬದುರು ಕೂತಿದ್ದೆವು. ನಾಲ್ವರು ಎ ತಂಡ, ನಾಲ್ವರು ಬಿ ತಂಡ. ಎ ತಂಡದವರ ಕಾಲ ಬಳಿ ಹಳೇ ಪೇಪರ್ ಸುತ್ತಿದ ಒಂದು ಕಪ್ ಇತ್ತು. ಕಪ್ ಗೆದ್ದು ಬರುವ ಗಾಡಿಯಲ್ಲಿ ಮಾತು, ನಗು, ಯಾರ ಕುದುರೆ ಎಲ್ಲಿ ಸಿಕ್ಕಿಬಿತ್ತು ಎಂಬ ಜಗಳ ಎಲ್ಲ ಇರಬೇಕಿತ್ತು. ಕೋರಮಂಡಲ್ ಬಂತು, ಊರಿಗಾಂ ಬಂತು, ಚಾಂಪಿಯನ್ ಬಂತು. ಒಬ್ಬರೂ ಬಾಯಿ ಬಿಡಲಿಲ್ಲ.

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಆರು ತಂಡಗಳ ಪುಟ್ಟ ಚೆಸ್ ಲೀಗ್. ಮೈಸೂರು ಮೈನ್ಸ್‌ನ ಲೈನ್ ಮನೆಗಳ ಹುಡುಗರು, ಗಣಿಯ ವರ್ಕ್‌ಶಾಪಿನವರು ಸೇರಿ ಕಟ್ಟಿದ ನಮ್ಮ ಕ್ಲಬ್ಬಿನಿಂದ ಎರಡು ತಂಡ. ಕೊನೆಯ ಸುತ್ತಿನಲ್ಲಿ ಆ ಎರಡೂ ತಂಡ ಎದುರಾದವು. ನಾಲ್ಕರಲ್ಲಿ ಮೂರು ಪಾಯಿಂಟ್ ಬಂದರೆ ಕಪ್ ಎ ತಂಡಕ್ಕೆ. ನಮ್ಮ ಬಿ ತಂಡಕ್ಕೆ ಗೆದ್ದರೂ ಸೋತರೂ ಒಂದೇ ಸ್ಥಾನ. ನಾನು ನಾಲ್ಕನೇ ಬೋರ್ಡಿನಲ್ಲಿದ್ದೆ. ನನಗೆ ಒಂದು ಆನೆ ಹೆಚ್ಚಿತ್ತು. ಎದುರಿನವರು ಡ್ರಾ ಎಂದು ಕೈ ಚಾಚಿದರು. ನಾನೂ ಕೈ ಕೊಟ್ಟೆ. ಕೊಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಪಂದ್ಯ 3–1ಕ್ಕೆ ಮುಗಿಯಿತು.

ಎ ತಂಡದ ಮೂರನೇ ಬೋರ್ಡಿನಲ್ಲಿ ನಿಜವಾಗಿ ಆಡಿ ಗೆದ್ದವರು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಣ್ಣ. ನಮಗೆಲ್ಲ ಅವರೇ ಗುರು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಆಟದ ಮಧ್ಯೆ ಎರಡೂ ಇಲ್ಲ. ಮಾರನೆಯ ದಿನ ನೀರಿನ ಕೊಳಾಯಿ ಹತ್ತಿರ ಸಿಕ್ಕಾಗ ಒಂದೇ ಮಾತು ಕೇಳಿದರು.

"ಆ ಆನೆ ಎಲ್ಲಿ ಹೋಯ್ತು ತಂಬಿ?"

ಒಂದೇ ಕ್ಲಬ್ಬಿನ ಎರಡು ತಂಡ ಒಂದೇ ಲೀಗಿನಲ್ಲಿ ಆಡುವಾಗ ಏಳುವ ಪ್ರಶ್ನೆಯೆಲ್ಲ ಅಣ್ಣನ ಆ ಒಂದು ಮಾತಿನಲ್ಲಿದೆ. ಇದು ನಮ್ಮೊಬ್ಬರದೇ ಕಷ್ಟವಲ್ಲ. ಚೆಸ್ ಲೀಗ್ ಇರುವ ಊರಿನಲ್ಲೆಲ್ಲ ಈ ಪಂದ್ಯ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದಕ್ಕೆ ಆಟ ಬೆಳೆದ ದೇಶಗಳು ಬಹಳ ಹಿಂದೆಯೇ ದಾರಿ ಕಂಡುಕೊಂಡಿವೆ.

ಮೊದಲು ಲೀಗ್ ನಡೆಯುವ ಬಗೆ. ಚೆಸ್ ಒಂಟಿ ಆಟ ಎಂದೇ ಜನ ತಿಳಿದಿರುತ್ತಾರೆ. ಆದರೆ ಲೀಗಿನಲ್ಲಿ ತಂಡವೇ ಆಡುವುದು. ತಂಡಕ್ಕೆ ನಾಲ್ಕು ಬೋರ್ಡು ಎಂದಿಟ್ಟುಕೊಳ್ಳಿ. ಬಲದ ಕ್ರಮದಲ್ಲಿ ಆಟಗಾರರ ಪಟ್ಟಿಯನ್ನು ಮೊದಲೇ ಬರೆದುಕೊಡಬೇಕು, ಆಮೇಲೆ ಆ ಕ್ರಮ ತಪ್ಪಿಸುವಂತಿಲ್ಲ. ಇಲ್ಲದಿದ್ದರೆ ಬಲಶಾಲಿಯನ್ನು ಕೆಳಗಿನ ಬೋರ್ಡಿಗೆ ಇಳಿಸಿ ಸುಲಭದ ಪಾಯಿಂಟ್ ಹೊಡೆಯುವ ಚಾಳಿ ಶುರುವಾಗುತ್ತದೆ. ಮೊದಲು ಹೆಸರು ಬರೆದ ತಂಡಕ್ಕೆ ಒಂದು, ಮೂರನೇ ಬೋರ್ಡಿನಲ್ಲಿ ಬಿಳಿ ಕಾಯಿ. ಎರಡು, ನಾಲ್ಕರಲ್ಲಿ ಕಪ್ಪು. ಹೀಗೆ ಎರಡೂ ತಂಡಕ್ಕೆ ಎರಡೆರಡು ಬಿಳಿ ಸಿಗುತ್ತದೆ. ಗೆದ್ದರೆ ಒಂದು, ಡ್ರಾ ಆದರೆ ಅರ್ಧ. ಎರಡೂವರೆ ಮುಟ್ಟಿದ ತಂಡ ಪಂದ್ಯ ಗೆದ್ದಂತೆ. ಆರು ತಂಡಗಳ ಲೀಗಿನಲ್ಲಿ ಐದು ಸುತ್ತು, 15 ಪಂದ್ಯ, 60 ಆಟ. ಆ 60ರಲ್ಲಿ ನಾಲ್ಕು ಆಟ ಮಾತ್ರ ಒಂದೇ ಮನೆಯವರ ನಡುವೆ ನಡೆಯುತ್ತದೆ. ಆದರೆ ಅವು ಹದ ತಪ್ಪಿದರೆ ಉಳಿದ 56 ಆಟದ ಬೆವರಿಗೂ ಬೆಲೆ ಇಲ್ಲದಂತಾಗುತ್ತದೆ. ನಮ್ಮ ಕಪ್ಪಿಗೆ ಆದದ್ದು ಅದೇ. ಆ ಸಲ ಎರಡನೇ ಸ್ಥಾನಕ್ಕೆ ಬಿದ್ದ ತಂಡದ ಹುಡುಗರು ನಮ್ಮ ಕೈ ಕುಲುಕದೆ ಹೋದರು. ಅವರು ಮಾಡಿದ್ದು ಸರಿ.

ಜಗತ್ತಿನ ಅತಿ ದೊಡ್ಡ ಪಂದ್ಯಗಳಿಗೂ ಈ ಕಳಂಕ ತಟ್ಟಿದೆ. 1962ರಲ್ಲಿ ಕುರಸಾವೊ ದ್ವೀಪದಲ್ಲಿ ವಿಶ್ವ ಚಾಂಪಿಯನ್‌ನ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಎಂಟು ಆಟಗಾರರು, ಪ್ರತಿಯೊಬ್ಬರೂ ಉಳಿದವರೊಡನೆ ನಾಲ್ಕು ನಾಲ್ಕು ಸಲ ಆಡಬೇಕು. ಸೋವಿಯತ್ ದೇಶದ ಪೆಟ್ರೋಸಿಯನ್, ಗೆಲ್ಲರ್, ಕೆರೆಸ್ ಈ ಮೂವರು ತಮ್ಮತಮ್ಮೊಳಗೆ ಆಡಿದ 12 ಆಟಗಳೂ ಡ್ರಾ. ಉಳಿದವರು ಕಡಲ ನಾಡಿನ ಸೆಕೆಯಲ್ಲಿ ಗಂಟೆಗಟ್ಟಲೆ ಗುದ್ದಾಡಿ ಬಳಲುತ್ತಿದ್ದಾಗ ಇವರಿಗೆ ನಡುನಡುವೆ ವಿಶ್ರಾಂತಿ. ಪೆಟ್ರೋಸಿಯನ್ ಮೊದಲಿಗರಾದರು, ಉಳಿದಿಬ್ಬರು ಅರ್ಧ ಪಾಯಿಂಟಿನಷ್ಟೇ ಹಿಂದೆ. ನಾಲ್ಕನೆಯವನಾಗಿ ಉಳಿದ 19ರ ಹರೆಯದ ಬಾಬಿ ಫಿಶರ್ ಇದು ಒಳಒಪ್ಪಂದ ಎಂದು ಪತ್ರಿಕೆಯಲ್ಲಿ ಬರೆದು ಜಗಜ್ಜಾಹೀರು ಮಾಡಿದ. ಆಮೇಲೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಆ ಟೂರ್ನಿಯ ರೂಪವನ್ನೇ ಬದಲಿಸಿ, 1965ರಿಂದ ಇಬ್ಬಿಬ್ಬರ ನೇರ ಪಂದ್ಯಗಳಾಗಿ ಮಾಡಿತು. ಫಿಶರ್‌ನ ದೂರಿನಲ್ಲಿ ಎಷ್ಟು ನಿಜ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಆ 12 ಡ್ರಾಗಳೇ ಸಾಕ್ಷಿ. ಒಂದು ಡ್ರಾದ ರುಚಿ ನಾನೇ ನೋಡಿದ್ದೇನೆ.

ಇದಕ್ಕೆ ಮದ್ದು ಏನು? ಪ್ರಾಮಾಣಿಕವಾಗಿ ಆಡಿ ಎಂದು ಭಾಷಣ ಮಾಡುವುದಲ್ಲ. ಮದ್ದು ವೇಳಾಪಟ್ಟಿಯಲ್ಲಿದೆ. ಒಂದೇ ಕ್ಲಬ್ಬಿನ ತಂಡಗಳು ಒಂದೇ ಗುಂಪಿನಲ್ಲಿದ್ದರೆ ಅವು ಮೊದಲ ಸುತ್ತಿನಲ್ಲೇ ಎದುರಾಗಬೇಕು. ಜರ್ಮನಿಯ ಲೀಗ್‌ಗಳಲ್ಲಿ ಇದು ಬರೆದಿಟ್ಟ ನಿಯಮ. ಮೊದಲ ಸುತ್ತಿನಲ್ಲಿ ಯಾರಿಗೆ ಎಷ್ಟು ಪಾಯಿಂಟ್ ಬೇಕಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎ ತಂಡಕ್ಕೆ ಕಪ್ ಕಾಣುತ್ತಿರುವುದಿಲ್ಲ, ಬಿ ತಂಡಕ್ಕೆ ಕೆಳಗಿನ ಡಿವಿಷನ್‌ಗೆ ಜಾರುವ ಭಯವೂ ಇರುವುದಿಲ್ಲ. ಕೊಡುವುದಕ್ಕೂ ಕಾರಣವಿಲ್ಲ, ಕೇಳುವುದಕ್ಕೂ ಕಾರಣವಿಲ್ಲ. ಆಗ ಉಳಿಯುವುದು ಬರೀ ಆಟ. ಮನುಷ್ಯನ ಮನಸ್ಸನ್ನು ಪರೀಕ್ಷೆಗೆ ಒಡ್ಡದೆ ಕಾಪಾಡುವ ಈ ನಿಯಮ ನನಗೆ ಬಹಳ ಮೆಚ್ಚುಗೆ.

ಇದನ್ನು ಮಾಡುವುದು ಎಷ್ಟು ಸುಲಭ ಎಂದರೆ, ಒಂದು ಹಾಳೆ, ಒಂದು ಪೆನ್ನು ಸಾಕು. ಲೀಗಿನ ವೇಳಾಪಟ್ಟಿಗೆ ಎಲ್ಲ ಕಡೆ ಬಳಸುವುದು ಆಸ್ಟ್ರಿಯಾದ ಯೋಹಾನ್ ಬರ್ಗರ್ ಹೆಸರಿನ ಬರ್ಗರ್ ಟೇಬಲ್. ತಂಡಗಳಿಗೆ ಚೀಟಿ ಎತ್ತಿ ಒಂದರಿಂದ ಆರರವರೆಗೆ ಸಂಖ್ಯೆ ಕೊಡುತ್ತಾರೆ. ಮೊದಲ ಸುತ್ತು 1–6, 2–5, 3–4. ಎರಡನೆಯದು 6–4, 5–3, 1–2. ಹೀಗೆ ಸಾಗಿ ಐದನೆಯದು 3–6, 4–2, 5–1. ಮೊದಲ ಸುತ್ತಿನ ಜೋಡಿಗಳನ್ನು ನೋಡಿ: ಯಾವ ಎರಡು ಸಂಖ್ಯೆ ಕೂಡಿದರೂ ಏಳು. ಹಾಗಾದರೆ ಕೆಲಸ ಇಷ್ಟೇ. ಒಂದೇ ಕ್ಲಬ್ಬಿನ ಎರಡು ತಂಡಕ್ಕೆ ಕೂಡಿದರೆ ಏಳಾಗುವ ಜೋಡಿಯೊಂದನ್ನು ಚೀಟಿಯಲ್ಲಿ ಎತ್ತಿಸಬೇಕು, ಉಳಿದ ಸಂಖ್ಯೆಗಳನ್ನು ಉಳಿದವರು ಎತ್ತಿಕೊಳ್ಳಲಿ. ನಾಲ್ಕು ತಂಡವಾದರೆ ಕೂಡಿಸಿದ್ದು ಐದಾಗಬೇಕು, ಎಂಟಾದರೆ ಒಂಬತ್ತು. ತಂಡಗಳ ಸಂಖ್ಯೆ ಬೆಸವಾದರೆ ಕೊನೆಯ ಸಂಖ್ಯೆಯನ್ನು ಖಾಲಿ ಬಿಟ್ಟು, ಅದಕ್ಕೆ ಎದುರಾದವರಿಗೆ ಆ ವಾರ ಬಿಡುವು. ಒಬ್ಬೊಬ್ಬರೇ ಆಡುವ ಟೂರ್ನಿಗಳಿಗೂ ಫಿಡೆ ಕೈಪಿಡಿಯಲ್ಲಿ ಇಂಥದೇ ವ್ಯವಸ್ಥೆಯಿದೆ. ವರ್ಮಾ ಟೇಬಲ್ ಎಂದು ಅದಕ್ಕೆ ಹೆಸರು. ಒಂದೇ ದೇಶದ ಆಟಗಾರರು ಕೊನೆಯ ಮೂರು ಸುತ್ತಿನಲ್ಲಿ ಎದುರಾಗದಂತೆ ಸಂಖ್ಯೆಗಳ ಗುಂಪನ್ನು ಮೊದಲೇ ಲಕೋಟೆಯಲ್ಲಿಟ್ಟು ಎತ್ತಿಸುವ ಕ್ರಮ ಅದು. ಜತೆಗೆ ಇನ್ನೊಂದು ಕಟ್ಟುಪಾಡು ಬೇಕು: ಎ ತಂಡಕ್ಕೆ ಆಡಿದವರು ಮನಸ್ಸು ಬಂದಾಗ ಬಿ ತಂಡಕ್ಕೆ ಇಳಿಯುವಂತಿಲ್ಲ.

ನಮ್ಮ ಆ ಕೊಳಕು ಕಪ್ಪಿನ ಮರುವರ್ಷ ಲೀಗ್ ನಡೆಸುವವರು ಮಾಡಿದ್ದು ಈ ಮೊದಲ ಸುತ್ತಿನ ವ್ಯವಸ್ಥೆಯನ್ನೇ. ಹಠ ಹಿಡಿದು ಮಾಡಿಸಿದವರು ಅಣ್ಣ.

ಕೆಜಿಎಫ್‌ನವರಿಗೆ ಒಂದೇ ಮನೆಯ ತಂಡಗಳ ಪೈಪೋಟಿ ಹೊಸದಲ್ಲ. ಆ ಊರು ಹುಟ್ಟಿದ್ದೇ ಹಾಗೆ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಹೀಗೆ ಗಣಿಗೊಂದು ಕಂಪನಿ. ಕಂಪನಿಗಳು ಬೇರೆ, ಷೇರುದಾರರು ಬೇರೆ, ಲಾಭದ ಲೆಕ್ಕ ಬೇರೆ. ನಡೆಸುವ ಕೈ ಮಾತ್ರ ಒಂದೇ. ನೀರು ಎಲ್ಲರಿಗೂ ಬೇತಮಂಗಲದಿಂದ, 1902ರಿಂದ ಕರೆಂಟು ಎಲ್ಲರಿಗೂ ಶಿವನಸಮುದ್ರದಿಂದ, ರೈಲು ಎಲ್ಲರಿಗೂ ಬಂಗಾರಪೇಟೆಯಿಂದ. ಶುರುವಿನಲ್ಲಿ ಮೈಸೂರು ಕಂಪನಿಯ ದುಡ್ಡು ಖಾಲಿಯಾಗುತ್ತಾ ಬಂದು, ಅಗೆಯುವುದು ನಿಲ್ಲಿಸೋಣ ಎನ್ನುವ ಹಂತ ಮುಟ್ಟಿತ್ತು. ಜಾನ್ ಟೇಲರ್ ಇನ್ನಷ್ಟು ಅಗೆಯೋಣ ಎಂದು ಒಪ್ಪಿಸಿದರು. ಗಣಿಯ ಕ್ಯಾಪ್ಟನ್ ಪ್ಲಮ್ಮರ್ ಅವರ ಕೈಗೆ ಚಾಂಪಿಯನ್ ಪದರದ ಚಿನ್ನ ಹತ್ತಿತು. ಅಕ್ಕಪಕ್ಕದ ಗಣಿಗಳೂ ಬದುಕಿಕೊಂಡವು. ಒಂದು ತಂಡ ಚೆನ್ನಾಗಿ ಆಡಿದ್ದರಿಂದ ಮನೆಯೆಲ್ಲ ಉಳಿದ ಕಥೆ ಅದು. ಹಾಗೆಂದು ಮೈಸೂರು ಮೈನ್ಸ್‌ನವರು ನಂದಿದುರ್ಗದವರಿಗೆ ಸುಮ್ಮನೆ ಬಿಟ್ಟುಕೊಡುತ್ತಿರಲಿಲ್ಲ. ಹಾಕಿ ಮೈದಾನದಲ್ಲಂತೂ ಇಲ್ಲವೇ ಇಲ್ಲ. ಕೆಳಗೆ ಏರ್‌ಬ್ಲಾಸ್ಟ್ ಆಗಿ ಬಂಡೆ ಸಿಡಿದರೆ ಒಬ್ಬರಿಗೊಬ್ಬರು ಓಡಿ ಬರುವ ಜನವೇ ಮೇಲೆ ಭಾನುವಾರ ಒಬ್ಬರನ್ನೊಬ್ಬರು ಸೋಲಿಸಲು ಜೀವ ಬಿಡುತ್ತಿದ್ದರು. ಇವೆರಡೂ ಒಂದೇ ಎದೆಯಲ್ಲಿ ಇರಬಲ್ಲವು ಎಂದು ನಾನು ಕಲಿತದ್ದು ಆ ಊರಿನಲ್ಲಿ.

ಬಿ ತಂಡ ಎಂದರೆ ಉಳಿಕೆಯವರ ತಂಡ ಎಂಬ ತಾತ್ಸಾರ ಎಲ್ಲ ಕಡೆ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಕಲಿತ ಆಟ ಲೀಗಿನ ಆಟವಾಗುವುದು ಬಿ ತಂಡದಲ್ಲೇ. ನಮ್ಮ ಅಜ್ಜಂದಿರ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಇಡಬೇಕು. ರಾಜ ಶಹ ಬೀಳುವ ಮುಂಚೆ ಒಂದು ಸಲ ಕುದುರೆಯಂತೆ ಹಾರಬಹುದು. ಈ ರಾಜ್ಯದಲ್ಲಿ ಆ ಆಟಕ್ಕೆ ದೊಡ್ಡ ಮನೆತನವೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳನ್ನು ಶಾಸ್ತ್ರದಂತೆ ಬೆಳೆಸಿದವರು. ಒಂದೇ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರುವ ತುರಗ ಬಂಧಗಳನ್ನು ಅವರು ರಚಿಸಿದ್ದಾರೆ. ಆ ಅರಮನೆಯ ಮೈಸೂರಿನಿಂದಲೇ 2017ರಲ್ಲಿ ಎಂ.ಎಸ್. ತೇಜಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆದರೆ ಅಜ್ಜನ ನಿಯಮ ಕಲಿತು ಬಂದ ಹುಡುಗನಿಗೆ ಕಾಲಾಳನ್ನು ಎರಡು ಮನೆ ದಾಟಿಸುವುದು, ಕೋಟೆ ಕಟ್ಟುವುದು, ನಡೆ ಬರೆದುಕೊಳ್ಳುವುದು, ಗಡಿಯಾರದ ಗುಂಡಿ ಒತ್ತುವುದು, ಮುಟ್ಟಿದ ಕಾಯಿಯನ್ನೇ ನಡೆಸುವುದು ಇವನ್ನೆಲ್ಲ ಕಲಿಸಲು ಒಂದು ಜಾಗ ಬೇಡವೇ? ಕಲಿಯುತ್ತಲೇ ಸೋಲಲು ಒಂದು ಬೋರ್ಡು ಬೇಡವೇ? ಅದು ಬಿ ತಂಡದ ನಾಲ್ಕನೇ ಬೋರ್ಡು.

ಮಾಮಲ್ಲಪುರದಲ್ಲಿ 2022ರಲ್ಲಿ 44ನೇ ಚೆಸ್ ಒಲಿಂಪಿಯಾಡ್ ನಡೆದಾಗ ಈ ತಾತ್ಸಾರಕ್ಕೆ ಎಲ್ಲರ ಕಣ್ಣೆದುರೇ ಉತ್ತರ ಸಿಕ್ಕಿತು. ಆತಿಥೇಯ ಭಾರತಕ್ಕೆ ಎರಡನೇ ತಂಡ ಇಳಿಸುವ ಅವಕಾಶ, ತಂಡಗಳ ಸಂಖ್ಯೆ ಬೆಸವಾದ್ದರಿಂದ ಮೂರನೆಯದಕ್ಕೂ ಅವಕಾಶ. ಓಪನ್ ವಿಭಾಗದ ಏಳನೇ ಸುತ್ತಿನಲ್ಲಿ ಭಾರತ ಎ ಮತ್ತು ಭಾರತ ಸಿ ಎದುರುಬದುರಾದವು. ಒಲಿಂಪಿಯಾಡ್ ಸ್ವಿಸ್ ಪದ್ಧತಿಯದು. ಅಲ್ಲಿ ಆ ಹೊತ್ತಿನ ಪಾಯಿಂಟ್ ನೋಡಿ ಜೋಡಿ ಮಾಡುವುದರಿಂದ ಮನೆಯವರ ಪಂದ್ಯವನ್ನು ಮೊದಲ ಸುತ್ತಿಗೆ ಎಳೆದು ತರಲು ಬರುವುದಿಲ್ಲ. ಎ ತಂಡ 3–1ರಲ್ಲಿ ಗೆದ್ದಿತು. ಟಿವಿಯಲ್ಲಿ ಆ ಅಂಕ ಕಂಡಾಗ ನನಗೆ ಹಳೆಯ ರೈಲು ನೆನಪಾಗಿ ಒಂದು ಗಳಿಗೆ ಎದೆ ಹಿಂಡಿತು. ಆದರೆ ಅಲ್ಲಿ ನಡೆದದ್ದು ನಿಜವಾದ ಹೋರಾಟ.

ಕೊನೆಯಲ್ಲಿ ಆದದ್ದು ಇನ್ನೂ ಸೊಗಸು. ಕಂಚು ಗೆದ್ದದ್ದು ಎ ತಂಡವಲ್ಲ, ಬಿ ತಂಡ. ಗುಕೇಶ್, ಪ್ರಜ್ಞಾನಂದ, ನಿಹಾಲ್ ಸರೀನ್, ರೌನಕ್ ಸಾಧ್ವಾನಿ ಎಂಬ ಹುಡುಗರು, ಜತೆಗೆ ಹಿರಿಯರಾಗಿ ಅಧಿಬನ್. ಎ ತಂಡ ನಾಲ್ಕನೇ ಸ್ಥಾನದಲ್ಲಿ ನಿಂತಿತು. ಎರಡು ವರ್ಷ ಕಳೆದು 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಐವರ ತಂಡದಲ್ಲಿ ಇದ್ದವರು ಯಾರು? ಮಾಮಲ್ಲಪುರದ ಎ ತಂಡದ ಅರ್ಜುನ್, ವಿದಿತ್, ಹರಿಕೃಷ್ಣ. ಬಿ ತಂಡದ ಗುಕೇಶ್, ಪ್ರಜ್ಞಾನಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್. ಅಂದು ಆ ಹುಡುಗರನ್ನು ಎ ತಂಡದ ಮೀಸಲು ಕುರ್ಚಿಯಲ್ಲಿ ಕೂರಿಸಿದ್ದರೆ ಅವರಿಗೆ ಅಷ್ಟು ಆಟ ಎಲ್ಲಿ ಸಿಗುತ್ತಿತ್ತು?

ಈಗ ಅಣ್ಣನ ಜತೆಗಿನ ಆಟ. ಮರುವರ್ಷದ ಲೀಗ್, ಮೊದಲ ಭಾನುವಾರ, ಶಾಲೆಯೊಂದರ ಹಾಲ್. ನಮ್ಮ ತಂಡಗಳಿಗೆ ಬಂದ ಸಂಖ್ಯೆ ಮೂರು, ನಾಲ್ಕು. ಎ ತಂಡದ ಹೆಸರು ಮೊದಲು. ನಾನು ಬಿ ತಂಡದ ಮೂರನೇ ಬೋರ್ಡಿಗೆ ಏರಿದ್ದೆ, ಆದ್ದರಿಂದ ಕಪ್ಪು. ಬಿಳಿಯ ಕಡೆ ಅಣ್ಣ. ರಾತ್ರಿ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ನಿದ್ದೆ ಮಾಡದೆ ಬಂದಿದ್ದರು. ಕೈಯ ಗೆರೆಗಳಲ್ಲಿ ಗ್ರೀಸ್ ಹಾಗೇ ಇತ್ತು. ನನ್ನ ಆಟವೆಲ್ಲ ಅವರು ಕೊಟ್ಟದ್ದೇ. ಎಲ್ಲಿ ಅವಸರ ಮಾಡುತ್ತೇನೆ, ಎಲ್ಲಿ ಹೆದರುತ್ತೇನೆ, ಯಾವ ನಡೆಗೆ ಮುಂಚೆ ಕಿವಿ ಕೆರೆದುಕೊಳ್ಳುತ್ತೇನೆ ಎಲ್ಲ ಅವರಿಗೆ ಗೊತ್ತು. ಮನೆಯವರೊಡನೆ ಆಡುವ ಕಷ್ಟ ಅದು. ಬಚ್ಚಿಡಲು ಏನೂ ಇರುವುದಿಲ್ಲ. ವರ್ಷವಿಡೀ ಅವರೆದುರು ಸಿಸಿಲಿಯನ್ ಆರಂಭ ಆಡುತ್ತಿದ್ದವನು ಅಂದು ಫ್ರೆಂಚ್ ಆಡಿದೆ. ಅಣ್ಣ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಬೋರ್ಡಿಗೆ ಬಗ್ಗಿದರು.

ಮೂರು ಗಂಟೆ ಕಳೆದ ಮೇಲೆ ಅವರ ಬಳಿ ಒಂದು ಒಂಟೆ, ಬಲಗಡೆ ಎರಡು ಕಾಲಾಳು. ನನ್ನ ಬಳಿ ಒಂದು ಕುದುರೆ ಅಷ್ಟೇ. ಸೋಲು ಎಂದೇ ಎಲ್ಲರೂ ತಿಳಿದಿದ್ದರು. ಆಗ ನನಗೆ ಮಳೆಗಾಲದ ಒಂದು ಸಂಜೆ ನೆನಪಾಯಿತು. ಲೈನ್ ಮನೆಯ ಜಗುಲಿಯ ಮೇಲೆ ಬೋರ್ಡು ಹರಡಿಕೊಂಡು ಅಣ್ಣ ಇದನ್ನೇ ತೋರಿಸಿಕೊಟ್ಟಿದ್ದರು. ಅಂಚಿನ ಕಾಲಾಳು ಮಂತ್ರಿಯಾಗಬೇಕಾದ ಮೂಲೆಮನೆಯ ಬಣ್ಣ ಒಂದು, ಒಂಟೆ ಓಡಾಡುವ ಮನೆಗಳ ಬಣ್ಣ ಇನ್ನೊಂದು ಆದರೆ, ಆ ಮೂಲೆ ಸೇರಿದ ರಾಜನನ್ನು ಯಾರೂ ಎಬ್ಬಿಸಲಾರರು. ಎಚ್8 ಕಪ್ಪು ಮನೆ. ಅಣ್ಣನದು ಬಿಳಿ ಮನೆಯ ಒಂಟೆ. ಕುದುರೆಯನ್ನು ಕೊಟ್ಟು ಒಳಗಡೆಯ ಕಾಲಾಳನ್ನು ತೆಗೆದುಹಾಕಿ, ನನ್ನ ರಾಜನನ್ನು ಮೂಲೆಗೆ ಓಡಿಸಿದೆ. ಕೈ ನಡುಗುತ್ತಿತ್ತು.

ಡ್ರಾ ಕೊಡಿ ಅಣ್ಣ, ಎಂದೆ.

"ಆಡಪ್ಪ. ಪೂರ್ತಿ ಆಡು," ಎಂದರು.

ಆಡಿದೆ. ಎಚ್8, ಜಿ8, ಮತ್ತೆ ಎಚ್8. ಒಂದು ತಪ್ಪು ಹೆಜ್ಜೆ ಇಟ್ಟು ಮೂಲೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಒಂಟೆಯನ್ನು ಆಚೀಚೆ ಸರಿಸಿ ನನ್ನನ್ನು ಹೊರಗೆಳೆಯಲು ಇರುವ ದಾರಿಗಳನ್ನೆಲ್ಲ ಹುಡುಕಿದರು. ನಿದ್ದೆಗೆಟ್ಟ ಕಣ್ಣಿನಲ್ಲಿ, ಅಷ್ಟೇ ಶ್ರದ್ಧೆಯಿಂದ. ಕೊನೆಗೆ ಕಾಲಾಳನ್ನು ಎಚ್7ಕ್ಕೆ ತಾವೇ ತಳ್ಳಿದರು. ನನ್ನ ರಾಜನಿಗೆ ಶಹ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಪಂದ್ಯ ಎರಡೂವರೆ–ಒಂದೂವರೆಗೆ ಎ ತಂಡದ ಪಾಲಾಯಿತು. ಸ್ಕೋರ್ ಶೀಟಿಗೆ ಸಹಿ ಹಾಕಿ ಅಣ್ಣ ನನ್ನ ಹೆಗಲು ಒತ್ತಿ, ಟೀ ಕುಡಿಯಲು ಎದ್ದು ಹೋದರು. ವರ್ಷದ ಹಿಂದೆ ಕೊಟ್ಟ ಅರ್ಧ ಪಾಯಿಂಟಿಗೂ ಅಂದು ಪಡೆದ ಅರ್ಧ ಪಾಯಿಂಟಿಗೂ ಇರುವ ಅಂತರ ನನಗೆ ಇವತ್ತಿಗೂ ಅಂಗೈಯಲ್ಲಿದೆ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಕೆಲಸ ಹೋದ ಮನೆಗಳ ಮಕ್ಕಳು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು, ಈಗಲೂ ಹೋಗುತ್ತಿದ್ದಾರೆ. ರಾತ್ರಿ ಮನೆಗೆ ಬಂದವರಿಗೆ ಭಾನುವಾರ ಒಂದೇ ಉಳಿಯುತ್ತದೆ. ನಮ್ಮ ಕ್ಲಬ್ಬಿನ ಬೋರ್ಡುಗಳೂ ಹೀಗೇ ಒಂದೊಂದಾಗಿ ಮಡಿಚಿಕೊಂಡವು. ಮೊದಲು ಹೋದದ್ದು ಬಿ ತಂಡ. ಅದು ಹೋದ ಮೇಲೆ ಎ ತಂಡಕ್ಕೆ ಹೊಸಬರು ಬರುವ ದಾರಿಯೇ ಇಲ್ಲದಾಯಿತು.

ಇಂದು ಅಲ್ಲಿನ ಮಕ್ಕಳು ಫೋನಿನಲ್ಲಿ ಚೆಸ್ ಆಡುತ್ತಾರೆ, ನಮಗಿಂತ ಚೆನ್ನಾಗಿಯೇ ಆಡುತ್ತಾರೆ. ಅವರಿಗೆ ಬೇಕಾದದ್ದು ಎದುರಿಗೆ ಕೂತ ಮನುಷ್ಯ. ರಾಬರ್ಟ್‌ಸನ್‌ಪೇಟೆಯಲ್ಲೋ ಆಂಡರ್ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಯಾರಾದರೂ ಶಾಲೆಯ ಒಂದು ಕೋಣೆ ತೆರೆದು ಕೊಡಲಿ. ನಾಲ್ಕು ಬೋರ್ಡು, ಎಂಟು ಕುರ್ಚಿ, ನಾಲ್ಕು ಗಡಿಯಾರ ಸಾಕು. ಬೇರೆ ಊರಿನ ತಂಡ ಸಿಗಲಿಲ್ಲ ಎಂದು ಕಾಯುವುದು ಬೇಡ. ಎಂಟು ಜನ ಕೂಡಿದರೆ ಎರಡು ತಂಡ, ಹದಿನಾರು ಜನ ಕೂಡಿದರೆ ನಾಲ್ಕು ತಂಡದ ಲೀಗ್, ಮೂರು ಭಾನುವಾರದ ಕೆಲಸ. ವೇಳಾಪಟ್ಟಿ ಬರೆಯುವವರು ಒಂದೇ ಬೀದಿಯ, ಒಂದೇ ಗುರುವಿನ ಹುಡುಗರು ಯಾವ ಎರಡು ತಂಡದಲ್ಲಿದ್ದಾರೆ ಎಂದು ಮೊದಲು ಕೇಳಿ ತಿಳಿದುಕೊಳ್ಳಲಿ. ಅವರಿಗೆ ಎರಡು, ಮೂರು ಎಂಬ ಸಂಖ್ಯೆ ಕೊಟ್ಟು, ಹಾಳೆಯ ಮೊದಲ ಸಾಲಿನಲ್ಲಿ ಅವರ ಪಂದ್ಯ ಬರೆದು, ಆಮೇಲೆ ಉಳಿದವರಿಗೆ ಚೀಟಿ ಎತ್ತಿಸಲಿ.